ಊರವರೇ ಕೂಡಿ ಕಲಿಯುವ ಕೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ ಜಿಲ್ಲೆಯ ಎರೆ (ಕಪ್ಪು ಮಣ್ಣಿನ) ಸೀಮೆಯ ಒಂದು ಹಳ್ಳಿಯಲ್ಲಿ ನಾವು ಇಪ್ಪತ್ತು ಇಪ್ಪತ್ತೈದು ಜನ ತಿಂಗಳಿಗೆ ಎರಡು ಸಲ ಕೂಡುತ್ತೇವೆ. ರೈತರಿದ್ದೇವೆ, ಕೂಲಿಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ, ನಿವೃತ್ತ ಮಾಸ್ತರರೊಬ್ಬರಿದ್ದಾರೆ, ಡಿಗ್ರಿ ಮುಗಿಸಿ ಊರಲ್ಲೇ ಉಳಿದ ಹುಡುಗರಿದ್ದಾರೆ. ನಮ್ಮ ನೀರು, ಮಣ್ಣು, ಬೆಳೆ, ದುಡಿಮೆ ಮುಂದೆಯೂ ಉಳಿಯಬೇಕಾದರೆ ಏನು ಮಾಡಬೇಕು ಎಂದು ಕೂಡಿ ಕಲಿಯುತ್ತೇವೆ. ಬಾಗಲಕೋಟೆ, ಬೆಳಗಾವಿ ಕಡೆಯವರೂ ಫೋನ್ ಮಾಡಿ ವಿಚಾರಿಸುತ್ತಾರೆ. ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೂಟದ ವಹಿ ಬರೆಯುವುದು ನನ್ನ ಪಾಲಿನ ಕೆಲಸ, ಹಾಗಾಗಿ ಉತ್ತರಗಳನ್ನೂ ನಾನೇ ಬರೆದಿಡುತ್ತಿದ್ದೇನೆ.

ಸುಸ್ಥಿರ ಅಭಿವೃದ್ಧಿ ಅಂದರೆ ಏನು? ಊರವರಿಗೆ ಹೇಗೆ ತಿಳಿಸಿ ಹೇಳುವುದು?

1987ರಲ್ಲಿ ವಿಶ್ವಸಂಸ್ಥೆಯ ಒಂದು ಆಯೋಗ ಇದನ್ನು ಹೀಗೆ ವಿವರಿಸಿತು: ಇವತ್ತಿನವರು ತಮ್ಮ ಅಗತ್ಯ ತೀರಿಸಿಕೊಳ್ಳಬೇಕು, ಆದರೆ ಮುಂದೆ ಬರುವವರ ಅಗತ್ಯಕ್ಕೆ ಕುತ್ತು ತರಬಾರದು. ನಾನು ಇದನ್ನು ಓದಿ ಹೇಳಿದಾಗ ನಮ್ಮ ಕೂಟದ ಅಜ್ಜಿಯೊಬ್ಬರು, "ಬೀಜದ ಜ್ವಾಳ ಬೀಸಾಕ ಹಾಕಬಾರದು ಅಂತಾರಲ್ಲ, ಅದ ಅಲ್ಲೇನ್ರೀ ಇದು?" ಎಂದರು. ಅದೇ. ಎಂಥ ಬರ ಬಂದರೂ ಹಗೇವಿನಲ್ಲಿ (ಕಾಳು ಕೂಡಿಡುವ ನೆಲದೊಳಗಿನ ಗುಂಡಿಯಲ್ಲಿ) ಬೀಜಕ್ಕೆಂದು ತೆಗೆದಿಟ್ಟ ಜೋಳವನ್ನು ಹಿರಿಯರು ಮುಟ್ಟುತ್ತಿರಲಿಲ್ಲ. ನಮ್ಮ ಕಾಲಕ್ಕೆ ಬೋರಿನ ನೀರೇ ಆ ಬೀಜದ ಜೋಳ. ಅದನ್ನು ನಾವು ಬೀಸಿ ರೊಟ್ಟಿ ಬಡಿಯುತ್ತಿದ್ದೇವೆ.

ಸ್ವಸಹಾಯ ಸಂಘ, ಹಾಲಿನ ಸಂಘ, ಪಂಚಾಯಿತಿ ಎಲ್ಲವೂ ಇವೆ. ಮತ್ತೊಂದು ಕೂಟ ಯಾಕೆ?

ಸಂಘದ ವಾರದ ಸಭೆ ಉಳಿತಾಯ, ಸಾಲ, ಕಂತು ಇಷ್ಟರಲ್ಲೇ ಮುಗಿಯುತ್ತದೆ. ಮುಗಿಯಲೇಬೇಕು, ಅದು ದುಡ್ಡಿನ ಲೆಕ್ಕ. ಪಂಚಾಯಿತಿಯಲ್ಲಿ ಕಾಮಗಾರಿಯ ಮಾತು. "ನಮ್ಮೂರ ಬಾವಿ ಯಾಕೆ ಬತ್ತಿತು?" ಎಂದು ಅರ್ಧ ತಾಸು ಕೂತು ಯೋಚಿಸುವ ಜಾಗ ಊರಿನಲ್ಲಿ ಇರಲಿಲ್ಲ. ಕೂಟ ಅದಕ್ಕಾಗಿ. ಬರುವವರು ಅದೇ ಸಂಘಗಳ ಜನವೇ, ಯಾರಿಗೂ ಪೈಪೋಟಿ ಇಲ್ಲ.

ವಚನಗಳ ಓಲೆಗರಿಗಳನ್ನು ಹುಡುಕಿ ಉಳಿಸಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ ಕಟ್ಟಲು ಮುಂದಾದರು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಶುರು ಮಾಡಿದರು. ಊರು ಎದ್ದು ನಿಲ್ಲಲು ಓದೂ ಬೇಕು, ದುಡ್ಡೂ ಬೇಕು ಎಂದು ಅವರಿಗೆ ಗೊತ್ತಿತ್ತು. ನಮ್ಮ ಹಳ್ಳಿಗಳಲ್ಲಿ ದುಡ್ಡಿನ ಸಂಘಗಳು ಬೆಳೆದಿವೆ. ಕಲಿಕೆಯ ಸಂಘಗಳು ಹಿಂದೆ ಬಿದ್ದಿವೆ.

ಶುರು ಮಾಡಲು ಎಷ್ಟು ಜನ ಬೇಕು?

ಏಳೆಂಟು ಜನ ಸಾಕು. ಆದರೆ ಎಲ್ಲರೂ ಒಂದೇ ಓಣಿಯವರಾಗಬಾರದು.

ಮೊದಲ ಸಭೆಯಲ್ಲಿ ಏನು ಮಾಡಬೇಕು?

ಭಾಷಣ ಇಡಬೇಡಿ. ನಾವು ಅದೇ ತಪ್ಪು ಮಾಡಿದೆವು. ಹೊರಗಿನಿಂದ ಒಬ್ಬರನ್ನು ಕರೆಸಿ, ಪ್ರೊಜೆಕ್ಟರ್ ತರಿಸಿ, ಪೆಂಡಾಲ್ ಹಾಕಿಸಿದೆವು. ನಡುವೆ ಕರೆಂಟ್ ಹೋಯಿತು. ಬಂದವರು ಚುರುಮುರಿ ತಿಂದು, ಚಹಾ ಕುಡಿದು ಎದ್ದು ಹೋದರು. ಮುಂದಿನ ಸಭೆಗೆ ಒಂಬತ್ತು ಜನ ಬಂದರು. ಬಂದವರಿಗೆ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಅದಕ್ಕೇ ನಡೆಯಲು ಹೊರಟೆವು.

ಅಗಸಿಯಿಂದ ಹಳ್ಳದವರೆಗೆ ಸುಮಾರು ಎರಡು ಕಿಲೋಮೀಟರ್. ದಾರಿಯಲ್ಲಿ ಕುರಿ ಕಾಯುವ ಕಾಕಾ ಸಿಕ್ಕರು. ಸುಮ್ನೆ ಕೇಳಿದೆ: "ಕಾಕಾ, ಬ್ಯಾಸಗಿಯೊಳಗ ಕಡೀಕ ಒಣಗೋ ನೀರು ಎಲ್ಲೈತ್ರೀ?" ಅವರು ಕೋಲಿನಿಂದ ತೋರಿಸಿದ್ದು ಹಳ್ಳಕ್ಕೆ ಅಡ್ಡ ಕಟ್ಟಿದ ಹಳೇ ಬಾಂದಾರದ ಕೆಳಗಿನ ಒಂದು ಗುಂಡಿಯನ್ನು. ಹೋಗಿ ನೋಡಿದರೆ ಬಾಂದಾರ ತುಂಬಿತ್ತು. ನೀರಿನಿಂದಲ್ಲ, ಹೂಳಿನಿಂದ. ಒಬ್ಬ ಹುಡುಗ ಜೋಳದ ದಂಟಿನಷ್ಟು ಉದ್ದದ ಸಲಾಕೆ ಊರಿದ. ಹೂಳಿನಲ್ಲಿ ಅವನ ಎದೆಮಟ್ಟದವರೆಗೆ ಇಳಿಯಿತು. ಜೊತೆಗಿದ್ದ ಹಿರಿಯರೊಬ್ಬರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವು ಈಜ ಕಲತದ್ದು ಇಲ್ಲೇ" ಎಂದರು.

ಆವತ್ತು ನಮ್ಮ ಕೂಟ ನಿಜವಾಗಿ ಹುಟ್ಟಿತು. ನಿಮ್ಮ ಊರಿನ ಕುರಿ ಕಾಯುವವರಿಗೆ, ನೀರು ಹೊರುವ ಹೆಣ್ಣುಮಕ್ಕಳಿಗೆ, ಹೊಲದ ಬದುವಿನಲ್ಲಿ ಮೇವು ಕೊಯ್ಯುವವರಿಗೆ ಯಾವ ನಕ್ಷೆಯಲ್ಲೂ ಇಲ್ಲದ ಸಂಗತಿ ಗೊತ್ತಿರುತ್ತದೆ. ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ.

ಎಲ್ಲಿ ಕೂಡಬೇಕು? ಯಾವ ದಿನ?

ಜಾಗದ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಗುಡಿಯ ಕಟ್ಟೆ ಎಲ್ಲರಿಗೂ ಹತ್ತಿರ ಅನಿಸಬಹುದು, ಆದರೆ ಎಲ್ಲರೂ ಅದರ ಮೇಲೆ ಸಮನಾಗಿ ಕೂರುತ್ತಾರಾ? ಯಾರಾದರೂ ಕೆಳಗೆ ನಿಲ್ಲುವಂತಿದ್ದರೆ ಅದು ಕೂಟದ ಜಾಗ ಅಲ್ಲ. ಶಾಲೆಯ ಅಂಗಳ, ಬಯಲು, ಬೇವಿನ ಮರದ ನೆರಳು ಒಳ್ಳೆಯದು. ಒಮ್ಮೆ ಕೇರಿಯಲ್ಲಿ, ಒಮ್ಮೆ ತಾಂಡಾದಲ್ಲಿ ಕೂಡಿ.

ದಿನ ನೀವೇ ನೋಡಿಕೊಳ್ಳಿ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲ. ಅಮಾವಾಸ್ಯೆಗೂ ಹೊಲದ ಕೆಲಸ ಇರುವುದಿಲ್ಲ. ನಾವು ಅಮಾವಾಸ್ಯೆಗೆ ಒಮ್ಮೆ, ನಡುವಿನ ಒಂದು ಸೋಮವಾರ ಒಮ್ಮೆ ಸೇರುತ್ತೇವೆ. ಎಳ್ಳ ಅಮಾವಾಸ್ಯೆ ದಿನವಂತೂ ಚರಗ ಚೆಲ್ಲಲು (ಭೂಮಿತಾಯಿಗೆ ಎಡೆ ಕೊಡಲು) ಎಲ್ಲರೂ ಹೊಲದಲ್ಲೇ ಇರುತ್ತಾರೆ. ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಉಂಡು ನಾಲ್ಕಾರು ಹೊಲ ಸುತ್ತಿ ಬರುತ್ತೇವೆ. ಯಾರ ಹೊಲದಲ್ಲಿ ತೇವ ನಿಂತಿದೆ, ಯಾರದು ಬಿರುಕು ಬಿಟ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ.

ಏನನ್ನು ಅಳೆಯಬೇಕು? ನಮ್ಮ ಹತ್ತಿರ ಯಂತ್ರ ಇಲ್ಲವಲ್ಲ?

ಒಂದು ಹಗ್ಗ, ಒಂದು ಡಬ್ಬಿ ಸಾಕು.

ಹಗ್ಗದ ತುದಿಗೆ ಕಲ್ಲು ಕಟ್ಟಿ, ಒಂದೊಂದು ಅಡಿಗೆ ಒಂದು ಗಂಟು ಹಾಕಿ. ಐದನೇ ಗಂಟಿಗೊಮ್ಮೆ ಕೆಂಪು ಬಟ್ಟೆಯ ಚಿಂದಿ ಕಟ್ಟಿ, ಎಣಿಸಲು ಸುಲಭ. ಪ್ರತಿ ಅಮಾವಾಸ್ಯೆ ಬೆಳಿಗ್ಗೆ, ಯಾರೂ ಮೋಟರ್ ಹಚ್ಚುವ ಮುಂಚೆ ಬಾವಿಗೆ ಇಳಿಬಿಡಿ. ದಂಡೆಯಿಂದ ನೀರಿನವರೆಗೆ ಎಷ್ಟು ಗಂಟು? ಶಾಲೆಯ ಗೋಡೆಯ ಮೇಲೆ ಬರೆಯಿರಿ. ನಮ್ಮಲ್ಲಿ ನಾಲ್ಕು ಬಾವಿ ಅಳೆಯುತ್ತೇವೆ, ಅಳೆಯುವವರು ಏಳನೇ ಇಯತ್ತೆಯ ಮಕ್ಕಳು. ಗೋಡೆಯ ಮುಂದೆ ಹಾದುಹೋಗುವವರು ನಿಂತು ಓದುತ್ತಾರೆ. ಬೋರ್ ಕೊರೆಸುವ ಮಾತು ಬಂದಾಗ ಜನ ಈಗ ಮೊದಲು ಆ ಗೋಡೆಯ ಹತ್ತಿರ ಹೋಗುತ್ತಾರೆ.

ಡಬ್ಬಿ ಮಳೆಗೆ. ಬದಿ ನೆಟ್ಟಗಿರುವ, ತಳ ಸಪಾಟಾಗಿರುವ ಯಾವ ಡಬ್ಬಿಯಾದರೂ ಆದೀತು. ಬಯಲಿನಲ್ಲಿ, ಗಿಡ ಮನೆ ಅಡ್ಡ ಬರದ ಕಡೆ ಇಡಿ. ಮಳೆ ನಿಂತ ಮೇಲೆ ಸ್ಕೇಲ್ ಹಿಡಿದು ನೋಡಿದರೆ ಎಷ್ಟು ಮಿಲಿಮೀಟರ್ ನೀರು ನಿಂತಿದೆಯೋ ಅಷ್ಟೇ ಮಿಲಿಮೀಟರ್ ಮಳೆ.

ಇನ್ನು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. ಒಂದು ಎಕರೆ ಸುಮಾರು 4,047 ಚದರ ಮೀಟರ್. ಅಂದರೆ 25 ಮಿ.ಮೀ.ನ ಒಂದೇ ಮಳೆಗೆ ಒಂದು ಎಕರೆಯ ಮೇಲೆ ಒಂದು ಲಕ್ಷ ಲೀಟರ್ ನೀರು ಬೀಳುತ್ತದೆ. 5,000 ಲೀಟರಿನ ಟ್ಯಾಂಕರ್ ಲೆಕ್ಕ ಹಿಡಿದರೆ ಇಪ್ಪತ್ತು ಟ್ಯಾಂಕರ್. ಈ ಲೆಕ್ಕ ಮಾಡಿದ ದಿನ ಸಭೆಯಲ್ಲಿ ಗದ್ದಲವೋ ಗದ್ದಲ. "ಇಪ್ಪತ್ತು ಟ್ಯಾಂಕರ್ ನನ್ನ ಹೊಲದಾಗ ಬಿದ್ದು ಹಳ್ಳಕ್ಕ ಹೋಗ್ಯಾವ ಅಂದ್ರ!" ಎಂದು ಒಬ್ಬರು ಎದ್ದೇ ನಿಂತರು. ಬರದ ಜಿಲ್ಲೆಯವರು ನಾವು. ಬಿದ್ದ ನೀರಿನ ಲೆಕ್ಕ ನಮಗೆ ಬಾಯಿಪಾಠ ಆಗಿರಬೇಕು.

ಹೆಣ್ಣುಮಕ್ಕಳು ಬರ್ತಾರೆ, ಆದರೆ ಮಾತಾಡಲ್ಲ. ಏನು ಮಾಡುವುದು?

ನಮ್ಮಲ್ಲೂ ಹಾಗೇ ಆಗಿತ್ತು. ಸಭೆ ಸಂಜೆ ಏಳಕ್ಕೆ ಇಟ್ಟಿದ್ದೆವು. ಅದು ರೊಟ್ಟಿ ಬಡಿಯುವ ಹೊತ್ತು. ಬಂದವರ ಮನಸ್ಸೆಲ್ಲ ಒಲೆಯ ಮುಂದೆ. ಹೊತ್ತು ಬದಲಿಸಿದೆವು. ಊಟ ಮುಗಿದ ಮೇಲೆ ಎಂಟೂವರೆಗೆ ಎಂದು ಅವರೇ ಗೊತ್ತು ಮಾಡಿದರು. ಮೊದಲ ಹದಿನೈದು ನಿಮಿಷ ಹೆಣ್ಣುಮಕ್ಕಳದ್ದೇ ಮಾತು, ಗಂಡಸರು ಕೇಳಬೇಕು ಎಂದು ನೇಮ ಮಾಡಿಕೊಂಡೆವು.

ಮೊದಲ ಸಲ ಒಬ್ಬ ಅಕ್ಕ ಹೇಳಿದ್ದು ಇಷ್ಟೇ: "ನಳ ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ ಬರತೈತಿ. ಮ್ಯಾಲಿನ ಓಣಿಗೆ ದಿನಾ ಬರತೈತಿ." ಗಂಡಸರಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇರಲಿಲ್ಲ. ಪೈಪಿನ ಒಂದು ವಾಲ್ವ್ ಕೆಟ್ಟಿತ್ತು, ಎರಡು ವಾರದಲ್ಲಿ ಸರಿಯಾಯಿತು. ಅಂದಿನಿಂದ ಅವರನ್ನು ಮಾತಾಡಿಸುವ ಪ್ರಮೇಯವೇ ಬಂದಿಲ್ಲ.

ನಮ್ಮದು ಕಾಲುವೆ ಊರು, ನೀರು ಬೇಕಾದಷ್ಟಿದೆ. ನಮಗೆ ಇದೆಲ್ಲ ಬೇಕಾ?

ನಿಮಗೇ ಜಾಸ್ತಿ ಬೇಕು. ಜಮಖಂಡಿ, ಮುಧೋಳ, ಅಥಣಿ, ರಾಯಬಾಗ ಕಡೆಯವರಿಗೆ ಸವಳು ಜವಳಿನ ವಿಷಯ ನಾನು ಹೇಳಬೇಕಾಗಿಲ್ಲ. ಎರೆ ಭೂಮಿ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಕಬ್ಬಿಗೆ ವರ್ಷವಿಡೀ ನೀರು ಹಾಯಿಸಿದರೆ ಒಳಗಿನ ನೀರು ಮೇಲೇರುತ್ತದೆ. ಅದರ ಜೊತೆ ಉಪ್ಪೂ ಏರಿ ಬಂದು ಮೇಲ್ಮಣ್ಣಿನಲ್ಲಿ ಬೆಳ್ಳಗೆ ಕೂರುತ್ತದೆ. ಆಮೇಲೆ ಕಬ್ಬೂ ಇಲ್ಲ, ಜೋಳವೂ ಇಲ್ಲ.

ಇಲ್ಲಿ ಕೂಟ ಯಾಕೆ ಬೇಕು ಅಂದರೆ, ಒಬ್ಬ ರೈತ ಒಬ್ಬನೇ ಇದನ್ನು ಸರಿ ಮಾಡಲಾರ. ಬಸಿಗಾಲುವೆ ತೋಡಿದರೆ ಆ ನೀರು ಪಕ್ಕದವನ ಹೊಲ ದಾಟಿಯೇ ಹಳ್ಳಕ್ಕೆ ಹೋಗಬೇಕು. ಪಕ್ಕದವನು ಒಪ್ಪಬೇಕು, ಅವನ ಪಕ್ಕದವನೂ ಒಪ್ಪಬೇಕು. ಮೇಲಿನವನು ನೀರು ಮಿತಿಯಲ್ಲಿ ಹಾಯಿಸಬೇಕು. ಇಂಥ ಒಪ್ಪಂದ ಯಾವ ಇಲಾಖೆಯೂ ಮಾಡಿಸಿಕೊಡಲಾರದು.

ಕಬ್ಬಿನ ರವದಿಯಿಂದ (ಒಣ ಎಲೆಯಿಂದ) ಶುರು ಮಾಡಿ. ಕಟಾವಾದ ಮೇಲೆ ಬೆಂಕಿ ಹಚ್ಚುವುದನ್ನು ಬಿಟ್ಟು, ಸಾಲು ಬಿಟ್ಟು ಸಾಲಿಗೆ ಹಾಸಲಿ. ತೇವ ಉಳಿಯುತ್ತದೆ, ಕಳೆ ಕಡಿಮೆ ಆಗುತ್ತದೆ, ಕೊಳೆತು ಗೊಬ್ಬರ ಆಗುತ್ತದೆ. ಒಬ್ಬರ ಹೊಲದಲ್ಲಿ ಮಾಡಿ, ಉಳಿದವರು ತಿಂಗಳಿಗೊಮ್ಮೆ ಹೋಗಿ ಮಣ್ಣು ಕೈಯಲ್ಲಿ ಹಿಡಿದು ನೋಡಲಿ.

ನಾವು ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದವರು. ಪುನರ್ವಸತಿ ಕೇಂದ್ರದಲ್ಲಿ ಹಳೇ ಊರಿನ ಬಂಧ ಇಲ್ಲ. ಇಲ್ಲಿ ಕೂಟ ನಡೆದೀತಾ?

ನಡೆಯುತ್ತದೆ, ಆದರೆ ನಿಧಾನವಾಗಿ. ನಿಮ್ಮಲ್ಲಿ ಕಲಿಕೆ ನೆನಪಿನಿಂದ ಶುರುವಾಗಲಿ. ಮುಳುಗಿದ ಊರಿನ ನಕ್ಷೆಯನ್ನು ಹಿರಿಯರಿಂದ ನೆಲದ ಮೇಲೆ ಬಿಡಿಸಿ. ರಂಗೋಲಿ ಪುಡಿ ಸಾಕು. ಬಾವಿ ಎಲ್ಲಿತ್ತು, ಕಣ ಎಲ್ಲಿತ್ತು, ಗೋಮಾಳ ಎಷ್ಟಿತ್ತು? ಅದರ ಪಕ್ಕದಲ್ಲಿ ಈಗಿನ ಕೇಂದ್ರದ ನಕ್ಷೆ ಬಿಡಿಸಿ. ಹೊಸ ಜಾಗದಲ್ಲಿ ಏನೇನು ಇಲ್ಲ ಎಂಬುದು ತಾನಾಗಿಯೇ ಎದ್ದು ಕಾಣುತ್ತದೆ. ನಿಮ್ಮ ಮೊದಲ ಬೇಡಿಕೆ ಪಟ್ಟಿ ಅದೇ. ಊರು ಬಿಟ್ಟುಕೊಟ್ಟ ಜನ ನೀವು. ನಿಮ್ಮ ಮಾತಿಗೆ ಹೆಚ್ಚಿನ ತೂಕ ಇರಬೇಕು.

ನಮಗೆ ಬರ ಅಲ್ಲ, ನೆರೆಯದೇ ಭಯ.

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದು ಬೆಳಗಾವಿ, ಬಾಗಲಕೋಟೆಯವರು ಮರೆತಿಲ್ಲ. ಆಗ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಶಾಲೆ, ಗುಡಿ, ಕಂಬಗಳ ಮೇಲೆ ಪೇಂಟಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಹೊಸ ಮನೆ ಕಟ್ಟುವವರು ಆ ಗೆರೆ ನೋಡಿ ಕಟ್ಟಲಿ. ನಿಮ್ಮ ಹೊಳೆಗೆ ನೀರು ಬಿಡುವ ಅಣೆಕಟ್ಟು ಯಾವುದು ಎಂದೂ ಕಲಿಯಿರಿ. ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ, ಕೃಷ್ಣೆಗೆ ಮಹಾರಾಷ್ಟ್ರದ ಕೊಯ್ನಾ. ಕಣಕುಂಬಿ, ಖಾನಾಪುರದ ಕಡೆ ಮಳೆ ಜೋರಾದರೆ ಸವದತ್ತಿಯ ಕೆಳಗಿನವರು ಎಚ್ಚರ ಇರಬೇಕು. ಮೇಲಿನ ಊರಿನ ಒಂದು ಕೂಟದ ಫೋನ್ ನಂಬರ್ ನಿಮ್ಮ ಹತ್ತಿರ ಇದ್ದರೆ ಅರ್ಧ ದಿನ ಮೊದಲೇ ದನಕರು ಎತ್ತರಕ್ಕೆ ಹೊಡೆಯಬಹುದು.

ಹಳೇ ಕಾಲದವರು ಮಾಡಿದ್ದೇ ಸರಿ ಅಂತೀರಾ?

ಎಲ್ಲವೂ ಸರಿ ಅನ್ನಲಾರೆ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ವಿಜಯಪುರಕ್ಕೆ ನೀರು ತಂದರು. ತಾಜ್ ಬಾವಡಿ, ಚಾಂದ್ ಬಾವಡಿ ಕಟ್ಟಿದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿದರು. ಇಳಿಜಾರು ಹಿಡಿದು ನೀರನ್ನು ತಾನಾಗಿಯೇ ಹರಿಸಿದ ಆ ಬುದ್ಧಿವಂತಿಕೆ ನೋಡಲು ಕೂಟದವರನ್ನು ಒಂದು ದಿನ ಕರೆದುಕೊಂಡು ಹೋಗಿ. ಮಕ್ಕಳಿಗೆ ಗೋಳಗುಮ್ಮಟದಷ್ಟೇ ಇದೂ ಗೊತ್ತಾಗಬೇಕು.

ಹೊಲದಲ್ಲಿ ಚೌಕು ಮಡಿಯೂ ಹಾಗೇ. ನಮ್ಮಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರಿನಲ್ಲಿ. ಅದಕ್ಕೂ ಮುಂಚೆ ಹೊಲವನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ ಮಣ್ಣಿನ ಬದು ಏರಿಸಿದರೆ ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ. ಆ ತೇವದ ಮೇಲೆಯೇ ಹಿಂಗಾರಿ ಬಿಳಿಜೋಳ, ಕಡಲೆ ಬರುತ್ತವೆ. ಇದು ಉಳಿಯಬೇಕಾದ ಪದ್ಧತಿ.

ಆದರೆ ಅದೇ ಹಳೇ ಕಾಲದಲ್ಲಿ ಊರ ಬಾವಿಗೆ ಎಲ್ಲರೂ ಕೊಡ ಇಳಿಸುವಂತಿರಲಿಲ್ಲ. ಅದು ಮರಳಿ ಬರಬಾರದು. ಹಿರಿಯರ ಜ್ಞಾನ ತಗೊಳ್ಳೋಣ, ಅವರು ಹಾಕಿದ ಬೇಲಿ ಬೇಡ.

ತಜ್ಞರು ಬೇಡವೇ?

ಬೇಕು. ನಿಮ್ಮ ಪ್ರಶ್ನೆ ಗಟ್ಟಿಯಾದ ಮೇಲೆ ಹೋಗಿ. ವಿಜಯಪುರದವರಿಗೆ ಹಿಟ್ಟಿನಹಳ್ಳಿಯ ಕೃಷಿ ಸಂಶೋಧನಾ ಫಾರ್ಮ್ ಇದೆ, ಬೆಳಗಾವಿಯವರಿಗೆ ತುಕ್ಕಾನಟ್ಟಿ, ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಗಳಿವೆ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. "ಏನಾದರೂ ಹೇಳ್ರಿ ಸರ್" ಅಂದರೆ ಅವರಾದರೂ ಏನು ಹೇಳಬೇಕು? ಮಣ್ಣಿನ ಪೊಟ್ಟಣ, ಒಣಗಿದ ಟೊಂಗೆ, ಬಾವಿಯ ಆರು ತಿಂಗಳ ಲೆಕ್ಕ ತಗೊಂಡು ಹೋಗಿ. ಮಾತು ಬೇರೆಯೇ ಆಗುತ್ತದೆ.

ಕಲಿತದ್ದನ್ನು ಗ್ರಾಮ ಸಭೆಗೆ ಹೇಗೆ ಮುಟ್ಟಿಸುವುದು?

ಇದು ಎಲ್ಲಕ್ಕಿಂತ ಮುಖ್ಯ. ಕೂಟದಲ್ಲಿ ಎಷ್ಟೇ ಕಲಿತರೂ ಪಂಚಾಯಿತಿಯ ಠರಾವು (ನಿರ್ಣಯ) ಪುಸ್ತಕದಲ್ಲಿ ಬರದಿದ್ದರೆ ಕೆಲಸ ಆಗುವುದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ. ಬೇಡಿಕೆ ಅಲ್ಲಿಂದಲೇ ಮೇಲೆ ಹೋಗಬೇಕು, ಹಾಗಾಗಿ ವಾರ್ಡ್ ಸಭೆ ತಪ್ಪಿಸಬೇಡಿ.

ನಮ್ಮ ಮೊದಲ ಸಲದ ಕಥೆ ಕೇಳಿ. "ಬಾಂದಾರದ ಹೂಳು ತೆಗೀರಿ" ಎಂದು ಎದ್ದು ಹೇಳಿದೆವು. ಎಲ್ಲರೂ ಹೂಂ ಅಂದರು. ಮುಂದೆ ಪುಸ್ತಕ ನೋಡಿದರೆ ಆ ಮಾತೇ ಇಲ್ಲ. ಬಹಳ ಬೇಜಾರಾಯಿತು. ಎರಡನೇ ಸಲ ಅಳತೆ ತಗೊಂಡು ಹೋದೆವು. ಉದ್ದ ಇಷ್ಟು, ಅಗಲ ಇಷ್ಟು, ಹೂಳು ನಾಲ್ಕು ಅಡಿ, ಕೆಳಗಿನ ಎರಡು ಬಾವಿಗಳ ನೀರು ವರ್ಷದಲ್ಲಿ ಇಷ್ಟು ಗಂಟು ಇಳಿದಿದೆ. ಹೂಳನ್ನು ತಮ್ಮ ಹೊಲಕ್ಕೆ ಸಾಗಿಸಿಕೊಳ್ಳಲು ಒಪ್ಪಿದ ಹದಿನಾಲ್ಕು ರೈತರ ಸಹಿಯೂ ಇತ್ತು. ಠರಾವು ಬರೆದು, ಓದಿ ಹೇಳುವವರೆಗೆ ಯಾರೂ ಏಳಲಿಲ್ಲ. ಅದರಲ್ಲೂ ಹೆಣ್ಣುಮಕ್ಕಳು ಏಳಲಿಲ್ಲ. ಆ ಬೇಸಿಗೆಯಲ್ಲೇ ಕೆಲಸ ಶುರುವಾಯಿತು.

ಠರಾವಿನ ನಕಲು ಕೇಳಿ ಪಡೆಯಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಜಗಳದ ದನಿಯಲ್ಲಿ ಬರೆಯುವುದು ಬೇಡ, ಬೇಕಾದ್ದನ್ನು ಬಿಡಿಸಿ ಬರೆದರೆ ಸಾಕು.

ಕೂಟವನ್ನು ನೋಂದಣಿ ಮಾಡಿಸಬೇಕಾ? ದುಡ್ಡು ಎಲ್ಲಿಂದ?

ಕಲಿಯಲು ನೋಂದಣಿ ಬೇಡ. ಅನುದಾನ ತರಬೇಕು, ಬ್ಯಾಂಕ್ ಖಾತೆ ಬೇಕು ಅನ್ನುವ ಹೊತ್ತಿಗೆ ಯೋಚಿಸಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಇದ್ದರೆ ಸಂಘ ಆಗುತ್ತದೆ. ಬೆಳೆ ಮಾರಾಟಕ್ಕೆ ರೈತ ಉತ್ಪಾದಕರ ಕಂಪನಿ ಮಾಡಲು ಹತ್ತು ಜನ ಬೆಳೆಗಾರರು ಬೇಕು. ಅವೆರಡೂ ಬೇರೆ ಬೇರೆ ಜವಾಬ್ದಾರಿ.

ನಮ್ಮ ಖರ್ಚು ಚಹಾ, ಚುರುಮುರಿ, ಜೆರಾಕ್ಸ್. ಸಭೆಗೆ ಹತ್ತು ರೂಪಾಯಿ ಪಟ್ಟಿ. ಕೊಡಲಾಗದವರು ಕೊಡಬೇಕಿಲ್ಲ. ಒಂದು ಕಾಲಕ್ಕೆ ಮೂರು ತಿಂಗಳು ಲೆಕ್ಕ ಓದಿ ಹೇಳಿರಲಿಲ್ಲ. ದುಡ್ಡು ಹೋಗಿರಲಿಲ್ಲ, ಆದರೆ ನಾಲ್ಕು ಮನೆಯವರು ಬರುವುದು ಬಿಟ್ಟರು. ತಪ್ಪು ನನ್ನದೇ. ಮನೆ ಮನೆಗೆ ಹೋಗಿ ಮಾತಾಡಿ ಕರೆತಂದೆ. ಈಗ ಪ್ರತಿ ಸಭೆಯಲ್ಲಿ ಮೊದಲು ಲೆಕ್ಕ, ಆಮೇಲೆ ಮಾತು.

ಮರಾಠಿ, ಉರ್ದು, ಲಂಬಾಣಿ ಮಾತಾಡುವವರೂ ಇದ್ದಾರೆ. ಸಭೆ ಯಾವ ಭಾಷೆಯಲ್ಲಿ?

ಅವರವರ ಮಾತಿನಲ್ಲಿ ಹೇಳಲಿ, ಪಕ್ಕದವರು ಬಿಡಿಸಿ ಹೇಳಲಿ. ನಮ್ಮ ಸಂತೆಯಲ್ಲಿ ಹೇಗೆ ನಡೆಯುತ್ತದೋ ಹಾಗೆ.

ಹುಡುಗರೆಲ್ಲ ಪುಣೆ, ಗೋವಾ, ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಯಾರಿಗೆ ಕಲಿಸುವುದು?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಊರಿನಲ್ಲಿ ದುಡಿಮೆ ಇಲ್ಲದಿದ್ದರೆ ಕೆರೆ ತುಂಬಿದರೂ ಊರು ಬರಿದೇ. ಹಾಗಾಗಿ ಕೂಟದ ಮಾತು ನೀರಿನಲ್ಲೇ ನಿಲ್ಲಬಾರದು. ಇಳಕಲ್, ಗುಳೇದಗುಡ್ಡದ ಕಡೆಯವರು ಮಗ್ಗದ ಲೆಕ್ಕ ಹಾಕಲಿ. ನೂಲಿಗೆ ಎಷ್ಟು, ನೇಯ್ದವರ ಕೈಗೆ ಎಷ್ಟು, ಅಂಗಡಿಯಲ್ಲಿ ಸೀರೆ, ಖಣಕ್ಕೆ ಎಷ್ಟು? ಇಂಡಿಯ ಕಡೆಯವರು ನಿಂಬೆಯ ಲೆಕ್ಕ ಹಾಕಲಿ. ಊರಿನ ದುಡ್ಡು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೂ ಹಳ್ಳದ ನೀರು ಎಲ್ಲಿ ಸೋರುತ್ತಿದೆ ಎಂದು ಹುಡುಕಿದ ಹಾಗೆಯೇ. ಜಾತ್ರೆಗೆ, ಹಬ್ಬಕ್ಕೆ ಹುಡುಗರು ಬಂದಾಗ ಒಂದು ಸಭೆ ಇಡಿ. ಹೊರಗೆ ಕಲಿತ ವೆಲ್ಡಿಂಗ್, ಪ್ಲಂಬಿಂಗ್, ವೈರಿಂಗ್ ಅವರ ಕೈಯಲ್ಲಿದೆ. ನಮ್ಮ ಶಾಲೆಯ ಮಳೆನೀರಿನ ಪೈಪ್ ಜೋಡಿಸಿದ್ದು ಗೋವಾದಿಂದ ರಜೆಗೆ ಬಂದಿದ್ದ ಇಬ್ಬರು ಹುಡುಗರು.

ಪಕ್ಷ, ಚುನಾವಣೆ ಬಂದರೆ ಕೂಟ ಒಡೆಯುವುದಿಲ್ಲವೇ?

ಚುನಾವಣೆಯ ತಿಂಗಳು ನಾವು ಬಾವಿ ಅಳೆಯುತ್ತೇವೆ, ಸಭೆ ಮಾಡುವುದಿಲ್ಲ.

ನಾಳೆಯೇ ಶುರು ಮಾಡಬೇಕು ಅಂತಿದ್ದೇವೆ. ಏನು ತರಬೇಕು?

ಒಂದು ವಹಿ, ಒಂದು ಪೆನ್ನು, ಐವತ್ತು ಅಡಿ ಹಗ್ಗ, ಕುಡಿಯುವ ನೀರು. ಬಿಸಿಲು ಏರುವ ಮುಂಚೆ, ಆರೂವರೆಗೆ ಅಗಸಿಯಲ್ಲಿ ಸೇರಿ. ಕುರಿ ಕಾಯುವವರ ಮನೆಗೆ ಹಿಂದಿನ ಸಂಜೆಯೇ ಹೋಗಿ, "ನಾಳೆ ನಮ್ಮನ್ನ ಕರಕೊಂಡು ಹೋಗ್ರಿ" ಎಂದು ಕೇಳಿ ಬನ್ನಿ. ಅವರು ಬೇಗ ಹೊರಡುತ್ತಾರೆ, ತಡ ಮಾಡಬೇಡಿ.